ಇಂಡೆಕ್ಸ್‌ನಲ್ಲಿ ನಿಜವಾಗಿ ಎಷ್ಟು ಜಿಲ್ಲೆಗಳಿವೆ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಪೈಥಾನ್‌ನ ಪಾಂಡಾಸ್ ಲೈಬ್ರರಿಗೆ (ಕೋಷ್ಟಕಗಳನ್ನು ನಿರ್ವಹಿಸುವ ಆಜ್ಞೆಗಳ ಸಂಗ್ರಹಕ್ಕೆ), ಅದರಲ್ಲೂ ಸಾಲುಗಳನ್ನು ಗುರುತಿಸುವ ಲೇಬಲ್‌ಗಳಿಗೆ, ಅಂದರೆ ಕೋಷ್ಟಕದ ಇಂಡೆಕ್ಸ್‌ಗೆ ಸಂಬಂಧಿಸಿದವು. ಒಂದು ಉತ್ತರ ಇನ್ನೊಂದಕ್ಕೆ ದಾರಿ ಮಾಡಿಕೊಡುವುದರಿಂದ ಅವುಗಳನ್ನು ಒಟ್ಟಿಗೆ ಪ್ರಕಟಿಸುತ್ತಿದ್ದೇವೆ. ಕೋಡನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಲಾಗಿದೆ. ಪಾಂಡಾಸ್‌ನ ಆಜ್ಞೆಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಟ್ರೂ, ಫಾಲ್ಸ್ ಪದಗಳ ಮೊದಲಕ್ಷರವೂ ಎನ್‌ಎಫ್‌ಸಿ ಎಂಬುದರ ಮೂರೂ ಅಕ್ಷರಗಳೂ ದೊಡ್ಡಕ್ಷರಗಳಾಗಿರಬೇಕು. ‘ಮಳೆ’, ‘ಕರಾವಳಿ’ ಮುಂತಾಗಿ ನಾವೇ ಕೊಡುವ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಬರೆಯಬಹುದು. ಪೈಥಾನ್ 3 ಅದಕ್ಕೆ ಅವಕಾಶ ಕೊಡುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಪ್ರಶ್ನೆ: ರಾಜ್ಯದ ಮುಂಗಾರು ಮಳೆಯ ಕೋಷ್ಟಕವೊಂದು ನನ್ನಲ್ಲಿದೆ, ಪ್ರತಿ ತಾಲ್ಲೂಕಿಗೆ ಒಂದು ಸಾಲು. ಸೆಟ್_ಇಂಡೆಕ್ಸ್ ಬಳಸಿ ‘ಜಿಲ್ಲೆ’ ಮತ್ತು ‘ತಾಲ್ಲೂಕು’ ಕಾಲಂಗಳನ್ನು ಇಂಡೆಕ್ಸ್ ಮಾಡಿಕೊಂಡಿದ್ದೇನೆ. ಅನಂತರ ಮಳೆ['ಜಿಲ್ಲೆ'].ಯುನೀಕ್() ಎಂದು ಬರೆದರೆ ಕೀಎರರ್ ಎಂಬ ದೋಷಸಂದೇಶ ಬರುತ್ತದೆ. ಕರಾವಳಿಯ ಮೂರು ಜಿಲ್ಲೆಗಳನ್ನು ಮಾತ್ರ ಉಳಿಸಿಕೊಂಡು, ಕರಾವಳಿ.ಇಂಡೆಕ್ಸ್.ಲೆವೆಲ್ಸ್ ಎಂದು ನೋಡಿದರೆ ರಾಜ್ಯದ 31 ಜಿಲ್ಲೆಗಳೂ ಕಾಣಿಸುತ್ತವೆ. ಬೀದರಿನ ಒಂದು ಸಾಲೂ ಇಲ್ಲದ ಕೋಷ್ಟಕದಲ್ಲಿ ಬೀದರ್ ಹೇಗೆ ಉಳಿಯಿತು? ಇಂಡೆಕ್ಸ್‌ನಲ್ಲಿರುವ ಜಿಲ್ಲೆಗಳನ್ನು ತಲಾ ಒಂದು ಸಲದಂತೆ ಪಡೆಯುವುದು ಹೇಗೆ?
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು ಬೇಕಾದ ಕೋಡನ್ನು ಹೇಳಿಬಿಡುತ್ತೇನೆ:

ಕರಾವಳಿ.ಇಂಡೆಕ್ಸ್.ಯುನೀಕ್(ಲೆವೆಲ್='ಜಿಲ್ಲೆ')

ಇದು ಸಾಲುಗಳಲ್ಲಿ ನಿಜವಾಗಿ ಇರುವ ಜಿಲ್ಲೆಗಳನ್ನಷ್ಟೇ, ಪ್ರತಿಯೊಂದನ್ನೂ ಒಂದೊಂದು ಸಲ, ಕೊಡುತ್ತದೆ. ಉಡುಪಿ ಜಿಲ್ಲೆಯಲ್ಲಿ ಉಡುಪಿ, ಕಾಪು, ಬ್ರಹ್ಮಾವರ, ಕುಂದಾಪುರ, ಬೈಂದೂರು, ಕಾರ್ಕಳ ಮತ್ತು ಹೆಬ್ರಿ ಎಂಬ 7 ತಾಲ್ಲೂಕುಗಳಿವೆ. ಆದ್ದರಿಂದ ನಿಮ್ಮ ಕೋಷ್ಟಕದಲ್ಲಿ ಜಿಲ್ಲೆಯ ಹಂತದಲ್ಲಿ (ಲೆವೆಲ್) ‘ಉಡುಪಿ’ ಎಂಬ ಲೇಬಲ್ 7 ಸಲ ಇರುತ್ತದೆ, ಉತ್ತರದಲ್ಲಿ ಒಮ್ಮೆ ಮಾತ್ರ ಬರುತ್ತದೆ. ತಾಲ್ಲೂಕಿನ ಹಂತದಲ್ಲಿಯೂ ಒಂದು ‘ಉಡುಪಿ’ ಇದೆಯಾದರೂ ಅದು ಬೇರೆ ಹಂತದ ಲೇಬಲ್. ಲೆವೆಲ್ ಅನ್ನು ಹೆಸರಿಸಿರುವುದರಿಂದ ಎರಡೂ ಬೆರೆಯುವುದಿಲ್ಲ. ಲೆವೆಲ್ ಹೇಳದೆ ಬರಿದೇ ಯುನೀಕ್() ಎಂದು ಬರೆದರೆ ಜಿಲ್ಲೆ ಮತ್ತು ತಾಲ್ಲೂಕಿನ ಜೋಡಿಗಳು ಸಿಗುತ್ತವೆ. ಹಂತಕ್ಕೆ ಹೆಸರಿಲ್ಲದಿದ್ದರೆ ಅದರ ಕ್ರಮಸಂಖ್ಯೆಯನ್ನು ಕೊಡಬಹುದು. ಎಣಿಕೆ 0ಯಿಂದ ಆರಂಭವಾಗುತ್ತದೆ.

ಕೀಎರರ್ ಬಂದದ್ದಕ್ಕೆ ಕಾರಣ ಸರಳ. ಸೆಟ್_ಇಂಡೆಕ್ಸ್ ಒಂದು ಕಾಲಂ ಅನ್ನು ಇಂಡೆಕ್ಸ್‌ಗೆ ಒಯ್ದಾಗ ಅದನ್ನು ಕಾಲಂಗಳ ಪಟ್ಟಿಯಿಂದ ತೆಗೆದುಹಾಕುತ್ತದೆ. ಡ್ರಾಪ್=ಫಾಲ್ಸ್ ಎಂದು ಸೇರಿಸಿದರೆ ಅದು ಎರಡೂ ಕಡೆ ಉಳಿಯುತ್ತದೆ, ಆದರೆ ಹಾಗೆ ಮಾಡಬೇಡಿ ಎಂಬುದು ನನ್ನ ಸಲಹೆ. ಒಂದೇ ಹೆಸರು ಎರಡೂ ಕಡೆ ಇದ್ದರೆ ಮುಂದೆ ಗ್ರೂಪ್‌ಬೈ('ಜಿಲ್ಲೆ') ಎಂದು ಕೇಳಿದಾಗ, ಯಾವ ‘ಜಿಲ್ಲೆ’ ಎಂಬುದು ಸ್ಪಷ್ಟವಿಲ್ಲವೆಂದು ಪಾಂಡಾಸ್ ದೋಷ ತೋರಿಸಿ ನಿಲ್ಲುತ್ತದೆ.

ಬೀದರ್ ಉಳಿದದ್ದು ಹೇಗೆ ಎಂಬ ಪ್ರಶ್ನೆಯನ್ನು ನಿಧಾನವಾಗಿ ನೋಡುವುದು ಒಳ್ಳೆಯದು. ಎರಡು ಹಂತದ ಇಂಡೆಕ್ಸ್ ಕಟ್ಟುವಾಗ ಪಾಂಡಾಸ್ ಪ್ರತಿ ಸಾಲಿನಲ್ಲೂ ಜಿಲ್ಲೆಯ ಹೆಸರನ್ನು ಬರೆದಿಡುವುದಿಲ್ಲ. ಪ್ರತಿ ಹಂತಕ್ಕೂ ಹೆಸರುಗಳ ಒಂದು ಪಟ್ಟಿಯನ್ನು ಅಕ್ಷರಕ್ರಮದಲ್ಲಿ ಮಾಡಿಕೊಂಡು, ಸಾಲುಗಳಲ್ಲಿ ಆ ಪಟ್ಟಿಯ ಕ್ರಮಸಂಖ್ಯೆಯನ್ನಷ್ಟೇ ಇಡುತ್ತದೆ. ಪಟ್ಟಿಗೆ ಲೆವೆಲ್ಸ್ ಎಂದೂ ಸಂಖ್ಯೆಗಳಿಗೆ ಕೋಡ್ಸ್ ಎಂದೂ ಹೆಸರು. ನಮ್ಮ ಜಿಲ್ಲೆಗಳನ್ನು ಅಕ್ಷರಕ್ರಮದಲ್ಲಿ ಇಟ್ಟರೆ ಉಡುಪಿ 0, ಉತ್ತರ ಕನ್ನಡ 1, ಕಲಬುರಗಿ 2, ಕೊಡಗು 3, ಕೊಪ್ಪಳ 4 ಎಂದು ಸಾಗಿ, ತುಮಕೂರು 11ನೆಯದೂ ದಕ್ಷಿಣ ಕನ್ನಡ 12ನೆಯದೂ ಆಗುತ್ತವೆ. ನೀವು ಕರಾವಳಿಯ ಸಾಲುಗಳನ್ನು ಸೋಸಿಕೊಂಡಾಗ ಕೋಡ್ಸ್‌ನಲ್ಲಿ ಉಳಿಯುವುದು 0, 1 ಮತ್ತು 12 ಮಾತ್ರ. ಹೆಸರುಗಳ ಪಟ್ಟಿಯನ್ನು ಮಾತ್ರ ಪಾಂಡಾಸ್ ಮುಟ್ಟುವುದಿಲ್ಲ, ಏಕೆಂದರೆ ಅದನ್ನು ಕತ್ತರಿಸಿದರೆ ಉಳಿದ ಎಲ್ಲ ಸಾಲುಗಳ ಸಂಖ್ಯೆಗಳನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ಪ್ರತಿ ಸಲ ಸೋಸಿದಾಗಲೂ ಆ ಕೆಲಸ ಮಾಡುವುದು ದೊಡ್ಡ ಕೋಷ್ಟಕಗಳಲ್ಲಿ ದುಬಾರಿ. ಟಿ.ಸಿ. ತೆಗೆದುಕೊಂಡು ಹೋದ ಮಕ್ಕಳ ಹೆಸರು ವರ್ಷದ ಹಾಜರಿ ಪುಸ್ತಕದಲ್ಲಿ ಉಳಿಯುವ ಹಾಗೆ ಬೀದರ್ ಆ ಪಟ್ಟಿಯಲ್ಲಿ ಉಳಿದಿದೆ.

ಹೀಗಾಗಿ ಲೆವೆಲ್ಸ್ ಎಂಬುದು ‘ಈ ಕೋಷ್ಟಕದಲ್ಲಿ ಏನಿದೆ’ ಎಂಬ ಪ್ರಶ್ನೆಗೆ ಉತ್ತರವೇ ಅಲ್ಲ. ಸೋಸುವ ಮೊದಲು ಅದೂ ಯುನೀಕ್‌ನ ಫಲಿತಾಂಶವೂ ಸಾಮಾನ್ಯವಾಗಿ ಒಂದೇ ಹೆಸರುಗಳನ್ನು ತೋರಿಸುವುದರಿಂದ ಎರಡೂ ಒಂದೇ ಎಂಬ ಭಾವನೆ ಬೇರೂರುತ್ತದೆ. ವರದಿಯಲ್ಲಿ ‘ಒಟ್ಟು ಜಿಲ್ಲೆಗಳು’ ಎಂದು ಲೆನ್(ಕರಾವಳಿ.ಇಂಡೆಕ್ಸ್.ಲೆವೆಲ್ಸ್[0]) ಬರೆದವರು 3ರ ಜಾಗದಲ್ಲಿ 31 ಎಂದು ಅಚ್ಚು ಹಾಕಿಸಿಬಿಡಬಹುದು, ಯಾವ ದೋಷಸಂದೇಶವೂ ಬರುವುದಿಲ್ಲ. ಯಾವುದೋ ಕಾರಣಕ್ಕೆ ಲೆವೆಲ್ಸ್ ಪಟ್ಟಿಯೇ ಶುದ್ಧವಾಗಿರಬೇಕಾದರೆ ಕರಾವಳಿ.ಇಂಡೆಕ್ಸ್.ರಿಮೂವ್_ಅನ್‌ಯೂಸ್ಡ್_ಲೆವೆಲ್ಸ್() ಎಂಬುದು ಬಳಕೆಯಲ್ಲಿಲ್ಲದ ಹೆಸರುಗಳನ್ನು ತೆಗೆದು ಹೊಸ ಇಂಡೆಕ್ಸ್ ಕೊಡುತ್ತದೆ. ಅದನ್ನು ಮತ್ತೆ ಕರಾವಳಿ.ಇಂಡೆಕ್ಸ್‌ಗೆ ವಹಿಸುವುದನ್ನು ಮರೆಯಬಾರದು.

ಗೆಟ್_ಲೆವೆಲ್_ವ್ಯಾಲ್ಯೂಸ್('ಜಿಲ್ಲೆ').ಯುನೀಕ್() ಎಂಬ ಇನ್ನೊಂದು ರೂಪವನ್ನೂ ನೀವು ನೋಡಿರಬಹುದು. ಫಲಿತಾಂಶ ಒಂದೇ. ಆದರೆ ಅದು ಮೊದಲು ಪ್ರತಿ ಸಾಲಿನ ಹೆಸರನ್ನೂ ಬಿಡಿಸಿ ಬರೆದು, ಅನಂತರ ಪುನರಾವರ್ತನೆಗಳನ್ನು ಕಳೆಯುತ್ತದೆ; ಲೆವೆಲ್ ಹೇಳಿ ಕೇಳಿದ ಯುನೀಕ್ ಕ್ರಮಸಂಖ್ಯೆಗಳಲ್ಲೇ ಕೆಲಸ ಮುಗಿಸುತ್ತದೆ. ಸಾಲುಗಳು ಲಕ್ಷಗಟ್ಟಲೆ ಇದ್ದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ.

ಕ್ರಮದ ಬಗ್ಗೆ ಒಂದು ಮಾತು. ಯುನೀಕ್ ಲೇಬಲ್‌ಗಳನ್ನು ಅವು ಕೋಷ್ಟಕದಲ್ಲಿ ಮೊದಲು ಕಾಣಿಸಿಕೊಂಡ ಕ್ರಮದಲ್ಲೇ ಕೊಡುತ್ತದೆ. ಮೇಲಿನಿಂದ ಕೆಳಕ್ಕೆ ಓದುತ್ತ, ಈಗಾಗಲೇ ಕಂಡ ಲೇಬಲ್‌ಗಳನ್ನು ಹ್ಯಾಶ್ ಟೇಬಲ್‌ನಲ್ಲಿ ಗುರುತಿಟ್ಟುಕೊಂಡು, ಹೊಸದನ್ನು ಮಾತ್ರ ಪಟ್ಟಿಗೆ ಸೇರಿಸುವುದು ಅದರ ರೀತಿ. ನಮ್‌ಪೈನ (ಪೈಥಾನ್‌ನ ಇನ್ನೊಂದು ಲೈಬ್ರರಿ) ಯುನೀಕ್ ಹೀಗಲ್ಲ, ಅದು ವಿಂಗಡಿಸಿ ಕೊಡುತ್ತದೆ. ಪೈಥಾನ್‌ನ ಸೆಟ್ ಬಳಸಿದರೆ ಕ್ರಮಕ್ಕೆ ಯಾವ ಭರವಸೆಯೂ ಇರುವುದಿಲ್ಲ. ಅಕ್ಷರಕ್ರಮ ಬೇಕಾದರೆ ಯುನೀಕ್‌ನ ಮುಂದೆ .ಸಾರ್ಟ್_ವ್ಯಾಲ್ಯೂಸ್() ಎಂದೂ ಸಾಮಾನ್ಯ ಪಟ್ಟಿ ಬೇಕಾದರೆ .ಟುಲಿಸ್ಟ್() ಎಂದೂ ಸೇರಿಸಿ.

ಪ್ರಶ್ನೆ: 2011ರ ಜನಗಣತಿಯ ಜಿಲ್ಲಾವಾರು ಕೋಷ್ಟಕವನ್ನೂ ಇತ್ತೀಚಿನ ಇನ್ನೊಂದು ಕೋಷ್ಟಕವನ್ನೂ ಕಾನ್‌ಕ್ಯಾಟ್ ಮಾಡಿ ಸೇರಿಸಿದ್ದೇನೆ. ಎರಡಕ್ಕೂ ಜಿಲ್ಲೆಯ ಹೆಸರೇ ಇಂಡೆಕ್ಸ್. ರಾಜ್ಯದಲ್ಲಿರುವುದು 31 ಜಿಲ್ಲೆ, ನನ್ನ ಕೋಷ್ಟಕದ ಯುನೀಕ್ ಪಟ್ಟಿಯಲ್ಲಿ 34 ಬರುತ್ತಿದೆ. ಅದರಲ್ಲಿ ‘ಕೋಲಾರ’ ಎರಡು ಸಲ ಇದೆ. ಎರಡೂ ಅಕ್ಷರಶಃ ಒಂದೇ ಆಗಿ ಕಾಣುತ್ತವೆ. ಯುನೀಕ್ ಆಜ್ಞೆಯಲ್ಲೇ ದೋಷವಿದೆಯೇ? ಪಟ್ಟಿಯನ್ನು ಲಗತ್ತಿಸಿದ್ದೇನೆ.
— ಪ್ರೌಢಶಾಲಾ ಶಿಕ್ಷಕ, ಚಿಂತಾಮಣಿ

ಉತ್ತರ: ಆಜ್ಞೆಯಲ್ಲಿ ದೋಷವಿಲ್ಲ. ಹೆಚ್ಚಾಗಿ ಬಂದ ಮೂರು ಲೇಬಲ್‌ಗಳಲ್ಲಿ ಎರಡಕ್ಕೆ ಕಾರಣ ಆಡಳಿತದ ಇತಿಹಾಸ, ಮೂರನೆಯದಕ್ಕೆ ಕಾರಣ ಯುನಿಕೋಡ್, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ.

ಮೊದಲ ಎರಡು ಸುಲಭ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಬೆಳಗಾವಿ, ಶಿವಮೊಗ್ಗ, ತುಮಕೂರು ಮೊದಲಾದವುಗಳಲ್ಲಿ ಬದಲಾದದ್ದು ಇಂಗ್ಲಿಷ್ ಕಾಗುಣಿತ ಮಾತ್ರ. ಕನ್ನಡದಲ್ಲಿ ನಾವು ಮೊದಲಿನಿಂದಲೂ ಹಾಗೆಯೇ ಬರೆಯುತ್ತಿದ್ದೆವು. ಆದರೆ ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ನಿಮ್ಮ ಪಟ್ಟಿಯಲ್ಲಿ ಈ ನಾಲ್ಕು ಹೆಸರುಗಳೂ ಇವೆ. ಸೇರಿಸಿದ ಕೋಷ್ಟಕದ ಹೆಸರು ‘ಜನ’ ಎಂದಿಟ್ಟುಕೊಂಡು ಇದನ್ನು ಹೀಗೆ ಸರಿಪಡಿಸಿ:

ಜನ = ಜನ.ರೀನೇಮ್(ಇಂಡೆಕ್ಸ್={'ಗುಲ್ಬರ್ಗ': 'ಕಲಬುರಗಿ', 'ಬಿಜಾಪುರ': 'ವಿಜಯಪುರ'})

ಈಗ ಕೋಲಾರ. ನಿಮ್ಮ ಯುನೀಕ್ ಪಟ್ಟಿಯನ್ನು ಸಾರ್ಟ್_ವ್ಯಾಲ್ಯೂಸ್‌ನಿಂದ ವಿಂಗಡಿಸಿದಾಗ ಆ ಭಾಗ ಹೀಗೆ ಬಂದಿದೆ: ಕಲಬುರಗಿ, ಕೋಲಾರ, ಕೊಡಗು, ಕೊಪ್ಪಳ, ಕೋಲಾರ. ಎರಡನೆಯ ಕೋಲಾರ ಇರಬೇಕಾದ ಜಾಗದಲ್ಲೇ ಇದೆ, ಏಕೆಂದರೆ ಕೊ ಆದ ಮೇಲೆ ಕೋ ಬರಬೇಕು. ಮೊದಲನೆಯ ಕೋಲಾರ ಕೊಡಗಿಗಿಂತ ಮುಂಚೆ ಬಂದಿರುವುದೇ ಅದರ ಒಳಗಿನ ಬರವಣಿಗೆ ಬೇರೆ ಇದೆ ಎಂಬುದಕ್ಕೆ ಸಾಕ್ಷಿ. ಲೆನ್ ಬಳಸಿ ಎರಡರ ಉದ್ದವನ್ನೂ ಕೇಳಿದರೆ ಒಂದಕ್ಕೆ 5 ಎಂದೂ ಇನ್ನೊಂದಕ್ಕೆ 7 ಎಂದೂ ಉತ್ತರ ಬರುತ್ತದೆ.

ಯುನಿಕೋಡ್‌ನಲ್ಲಿ ‘ಕೋ’ ಎಂಬುದನ್ನು ಎರಡು ರೀತಿ ಬರೆಯಲು ಸಾಧ್ಯವಿದೆ. ಕ ಅಕ್ಷರದ ಸಂಖ್ಯೆ 3221. ಅದರ ಮುಂದೆ ಓಕಾರದ ಚಿಹ್ನೆಯಾದ 3275 ಬಂದರೆ ಎರಡೇ ಸಂಕೇತಗಳಲ್ಲಿ ಕೋ ಮುಗಿಯುತ್ತದೆ. ಅದನ್ನೇ ಬಿಡಿಸಿ, ಕ ಆದ ಮೇಲೆ ಎಕಾರದ 3270, ಊಕಾರದ 3266, ಕೊನೆಗೆ ದೀರ್ಘದ ಚಿಹ್ನೆಯಾದ 3285 ಎಂದು ನಾಲ್ಕು ಸಂಕೇತಗಳಲ್ಲಿಯೂ ಬರೆಯಬಹುದು. ಪರದೆಯ ಮೇಲೆ ಮೂಡುವ ಆಕಾರ ಒಂದೇ. ಹೋಲಿಸುವಾಗ ಪಾಂಡಾಸ್ ಆಕಾರವನ್ನು ನೋಡುವುದಿಲ್ಲ, ಸಂಕೇತಗಳ ಸಾಲನ್ನು ನೋಡುತ್ತದೆ. 3270 ಎಂಬುದು ಕೊಡಗಿನ ಒಕಾರವಾದ 3274ಕ್ಕಿಂತ ಚಿಕ್ಕದಾದ್ದರಿಂದ ಬಿಡಿಸಿದ ಕೋಲಾರ ಮುಂದಕ್ಕೆ ಹೋಯಿತು. ಹಳೆಯ ಮ್ಯಾಕ್ ಕಂಪ್ಯೂಟರುಗಳ ಫೈಲ್ ವ್ಯವಸ್ಥೆ ಫೈಲುಗಳ ಹೆಸರನ್ನು ಹೀಗೆ ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಜಿಲ್ಲೆಯ ಹೆಸರನ್ನು ಫೈಲಿನ ಹೆಸರಿನಿಂದ ಎತ್ತಿಕೊಂಡ ಕೋಷ್ಟಕಗಳಲ್ಲಿ ಈ ತೊಂದರೆ ಬರಬಹುದು. ಈ, ಏ, ಐ, ಒ, ಓ ಸ್ವರಗಳ ಚಿಹ್ನೆಗಳಿಗೆಲ್ಲ ಈ ಎರಡು ರೂಪಗಳಿರುವುದರಿಂದ ಬೀದರ್, ಹಾವೇರಿ, ಮೈಸೂರು, ಕೊಪ್ಪಳಗಳಲ್ಲಿಯೂ ಇದು ಎದುರಾಗಬಹುದು.

ಪರಿಹಾರ ಒಂದೇ ಸಾಲಿನದು:

ಜನ.ಇಂಡೆಕ್ಸ್ = ಜನ.ಇಂಡೆಕ್ಸ್.ಎಸ್‌ಟಿಆರ್.ನಾರ್ಮಲೈಜ್('ಎನ್‌ಎಫ್‌ಸಿ').ಎಸ್‌ಟಿಆರ್.ಸ್ಟ್ರಿಪ್()

ಎನ್‌ಎಫ್‌ಸಿ ಎಂಬುದು ಬಿಡಿಸಿದ ಚಿಹ್ನೆಗಳನ್ನು ಕೂಡಿಸುವ ರೂಢಿ; ಸ್ಟ್ರಿಪ್ ಹಿಂದೆ ಮುಂದೆ ಅಂಟಿಕೊಂಡ ಖಾಲಿ ಜಾಗವನ್ನು ತೆಗೆಯುತ್ತದೆ. ಆದರೂ ಒಂದು ಸಂಕೇತ ಇವೆರಡಕ್ಕೂ ಸಿಗದೆ ಉಳಿಯುತ್ತದೆ. ಬೀದರ್ ಎಂಬಂತೆ ಅರ್ಧಾಕ್ಷರದಿಂದ ಮುಗಿಯುವ ಪದಗಳ ಕೊನೆಯಲ್ಲಿ ಕಣ್ಣಿಗೆ ಕಾಣದ, ಒತ್ತಕ್ಷರವಾಗದಂತೆ ತಡೆಯುವ ಸಂಕೇತವೊಂದು ಕೆಲವೊಮ್ಮೆ ಸೇರಿಕೊಂಡಿರುತ್ತದೆ. ಅದರ ಸಂಖ್ಯೆ 8204. ಅದು ಖಾಲಿ ಜಾಗವೆಂದು ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಸ್ಟ್ರಿಪ್ ಅದನ್ನು ಬಿಟ್ಟುಬಿಡುತ್ತದೆ. ಅದಕ್ಕಾಗಿ .ಎಸ್‌ಟಿಆರ್.ಆರ್‌ಸ್ಟ್ರಿಪ್(ಸಿಎಚ್‌ಆರ್(8204)) ಎಂದು ಸೇರಿಸಿ. ರಿಪ್ಲೇಸ್ ಬಳಸಿ ಪದದ ಮಧ್ಯದಲ್ಲಿಯೂ ಅದನ್ನು ಅಳಿಸಲು ಹೋಗಬೇಡಿ. ರಾಜ್‌ಕುಮಾರ್ ಎಂಬಂತಹ ಹೆಸರುಗಳಲ್ಲಿ ಅದು ಇರಬೇಕಾದದ್ದೇ, ತೆಗೆದರೆ ಜಕಾರದ ಕೆಳಗೆ ಕಕಾರ ಒತ್ತಾಗಿ ಹೋಗುತ್ತದೆ. ಇಂಡೆಕ್ಸ್ ಎರಡು ಹಂತದ್ದಾದರೆ ಎಸ್‌ಟಿಆರ್ ಅದರ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ರೀಸೆಟ್_ಇಂಡೆಕ್ಸ್ ಮಾಡಿ, ಕಾಲಂಗಳನ್ನು ಸರಿಪಡಿಸಿ, ಮತ್ತೆ ಸೆಟ್_ಇಂಡೆಕ್ಸ್ ಮಾಡಬೇಕು.

ಇಷ್ಟಾದರೆ ನಿಮ್ಮ ಯುನೀಕ್ ಪಟ್ಟಿ 31ಕ್ಕೆ ಇಳಿಯುತ್ತದೆ. ಆದರೆ ಅಷ್ಟಕ್ಕೇ ಎರಡೂ ವರ್ಷಗಳನ್ನು ಹೋಲಿಸಬಹುದು ಎಂದುಕೊಳ್ಳಬೇಡಿ. 2011ರ ಜನಗಣತಿಯಲ್ಲಿ ಇದ್ದದ್ದು 30 ಜಿಲ್ಲೆಗಳು. ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 2021ರಲ್ಲಿ. ಎರಡೂ ಮೂಲ ಕೋಷ್ಟಕಗಳನ್ನು (ಇಲ್ಲಿ ‘ಹೊಸ’ ಮತ್ತು ‘ಹಳೆ’) ಹೀಗೆಯೇ ಸರಿಪಡಿಸಿ, ಹೊಸ.ಇಂಡೆಕ್ಸ್.ಡಿಫರೆನ್ಸ್(ಹಳೆ.ಇಂಡೆಕ್ಸ್) ಎಂದು ಕೇಳಿದರೆ ಹೊಸ ಕೋಷ್ಟಕದಲ್ಲಿ ಮಾತ್ರ ಇರುವ ಲೇಬಲ್‌ಗಳು ಸಿಗುತ್ತವೆ, ನಿಮ್ಮ ವಿಷಯದಲ್ಲಿ ಅಲ್ಲಿ ವಿಜಯನಗರ ಒಂದೇ ಉಳಿಯಬೇಕು. ವಿಜಯನಗರದ ಅಂಕಿಗಳನ್ನು ಬಳ್ಳಾರಿಗೆ ಕೂಡಿಸಿದರೆ ಹಳೆಯ ಬಳ್ಳಾರಿ ಬರುತ್ತದೆ ಎಂದು ಅನ್ನಿಸುವುದು ಸಹಜ, ಆದರೆ ಬರುವುದಿಲ್ಲ. ಈಗ ವಿಜಯನಗರದಲ್ಲಿರುವ ಹರಪನಹಳ್ಳಿ ತಾಲ್ಲೂಕು 2011ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತ್ತು. ಹಾಗಾಗಿ ಬಳ್ಳಾರಿ ಮತ್ತು ದಾವಣಗೆರೆ ಎಂಬ ಲೇಬಲ್‌ಗಳು ಎರಡೂ ಕೋಷ್ಟಕಗಳಲ್ಲಿ ಒಂದೇ ಸಂಕೇತಗಳಿಂದ ಬರೆದಿದ್ದರೂ ಬೇರೆ ಬೇರೆ ಪ್ರದೇಶಗಳನ್ನು ಸೂಚಿಸುತ್ತವೆ. ಇದನ್ನು ಯಾವ ಆಜ್ಞೆಯೂ ಹಿಡಿದು ಕೊಡಲಾರದು. ಈ ಎರಡು ಜಿಲ್ಲೆಗಳ ಮಟ್ಟಿಗೆ ತಾಲ್ಲೂಕುವಾರು ಅಂಕಿಗಳನ್ನು ತೆಗೆದುಕೊಂಡು ಹಳೆಯ ಗಡಿಗೆ ಸರಿಯಾಗಿ ಕೂಡಿಸುವುದೊಂದೇ ಪ್ರಾಮಾಣಿಕ ದಾರಿ, ಮಕ್ಕಳಿಗೆ ತೋರಿಸುವ ಕೋಷ್ಟಕವಾದ್ದರಿಂದ ಆ ಶ್ರಮ ಸಾರ್ಥಕ ಎಂದು ನನ್ನ ನಂಬಿಕೆ.

ಪ್ರಶ್ನೆ: ಯುನೀಕ್ ಪಟ್ಟಿಯನ್ನು ಎಣಿಸಿದರೆ 32, ಎನ್‌ಯುನೀಕ್() ಕೇಳಿದರೆ 31. ಯಾವುದು ಸರಿ?
— ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: ನಿಮ್ಮ ಇಂಡೆಕ್ಸ್‌ನಲ್ಲಿ ಎಲ್ಲೋ ಜಿಲ್ಲೆಯ ಹೆಸರು ತುಂಬದೆ ಬಿಟ್ಟ ಸಾಲಿದೆ. ಯುನೀಕ್ ಆ ಖಾಲಿಯನ್ನೂ ಒಂದು ಮೌಲ್ಯವೆಂದು ಕೊಡುತ್ತದೆ, ಎನ್‌ಯುನೀಕ್ ಅದನ್ನು ಬಿಟ್ಟು ಎಣಿಸುತ್ತದೆ; ಡ್ರಾಪ್‌ಎನ್‌ಎ=ಫಾಲ್ಸ್ ಎಂದರೆ ಎರಡೂ ಸಮನಾಗುತ್ತವೆ. ಎರಡೂ ಸಂಖ್ಯೆಗಳನ್ನು ಕೇಳಿ ಹೋಲಿಸುವುದು ಒಳ್ಳೆಯ ಅಭ್ಯಾಸ. ನಿಮ್ಮ ಕೋಷ್ಟಕದ ಹೆಸರು ಡಿಎಫ್ ಎಂದಿಟ್ಟುಕೊಂಡರೆ, ಹೆಸರಿಲ್ಲದ ಆ ಸಾಲುಗಳನ್ನು ಡಿಎಫ್[ಡಿಎಫ್.ಇಂಡೆಕ್ಸ್.ಈಸ್‌ಎನ್‌ಎ()] ಎಂದು ತೆಗೆದು ನೋಡಿ, ಅನೇಕ ಸಲ ಅದು ಎಕ್ಸೆಲ್ ಹಾಳೆಯ ಕೊನೆಯಲ್ಲಿದ್ದ ‘ಒಟ್ಟು’ ಸಾಲಿನ ಅವಶೇಷವಾಗಿರುತ್ತದೆ.

ಪ್ರಶ್ನೆ: ಹಳ್ಳಿಯ ಹೆಸರನ್ನು ಇಂಡೆಕ್ಸ್ ಮಾಡಿಕೊಂಡಿರುವ ಕೋಷ್ಟಕವನ್ನು ರೀಇಂಡೆಕ್ಸ್ ಮಾಡಲು (ಬೇರೊಂದು ಲೇಬಲ್ ಪಟ್ಟಿಗೆ ಸಾಲುಗಳನ್ನು ಹೊಂದಿಸಲು) ಹೋದರೆ, ನಕಲಿ ಲೇಬಲ್‌ಗಳಿರುವುದರಿಂದ ಸಾಧ್ಯವಿಲ್ಲ ಎಂಬ ದೋಷ ಬರುತ್ತದೆ. ಡ್ರಾಪ್_ಡುಪ್ಲಿಕೇಟ್ಸ್() ಕೊಟ್ಟರೆ ಸಾಲುಗಳ ಸಂಖ್ಯೆಯೇನೋ ಕಡಿಮೆಯಾಗುತ್ತದೆ, ದೋಷ ಮಾತ್ರ ಹೋಗುವುದಿಲ್ಲ.
— ಸ್ವಯಂಸೇವಾ ಸಂಸ್ಥೆಯೊಂದರ ಕಾರ್ಯಕರ್ತೆ, ಮಂಡ್ಯ

ಉತ್ತರ: ದಯವಿಟ್ಟು ಡ್ರಾಪ್_ಡುಪ್ಲಿಕೇಟ್ಸ್ ಕೊಟ್ಟ ನಂತರದ ಕೋಷ್ಟಕವನ್ನು ಬಳಸಬೇಡಿ, ಮೂಲ ಫೈಲಿಗೆ ಹಿಂದಿರುಗಿ. ಡೇಟಾಫ್ರೇಮ್‌ನ ಡ್ರಾಪ್_ಡುಪ್ಲಿಕೇಟ್ಸ್ ಇಂಡೆಕ್ಸ್ ಅನ್ನು ಗಮನಿಸುವುದೇ ಇಲ್ಲ, ಕಾಲಂಗಳನ್ನು ಮಾತ್ರ ಹೋಲಿಸುತ್ತದೆ. ಎರಡು ಬೇರೆ ಹಳ್ಳಿಗಳಲ್ಲಿ ಕೊಳವೆಬಾವಿ 2, ಅಂಗನವಾಡಿ 1 ಎಂದು ಅಂಕಿಗಳು ಹೊಂದಿಕೊಂಡುಬಿಟ್ಟರೆ ಎರಡನೆಯ ಹಳ್ಳಿಯನ್ನೇ ಅದು ಅಳಿಸುತ್ತದೆ. ನಿಮ್ಮಲ್ಲಿ ಸಾಲುಗಳು ಕಡಿಮೆಯಾದದ್ದು ಹೀಗೆ. ಅಂದರೆ ಹೋಗಿರುವುದು ನಿಜವಾದ ಹಳ್ಳಿಗಳು.

ನಕಲಿ ಲೇಬಲ್‌ಗಳನ್ನು ಅಳಿಸುವ ಮೊದಲು ನೋಡಬೇಕು. ಡಿಎಫ್.ಇಂಡೆಕ್ಸ್.ಈಸ್_ಯುನೀಕ್ ಎಂಬುದು ಹೌದು ಅಥವಾ ಅಲ್ಲ ಎಂದು ಹೇಳುತ್ತದೆ. ಅದರ ಮುಂದೆ ಆವರಣ ಹಾಕಬಾರದು. ಅಲ್ಲ ಎಂದಾದರೆ,

ಡಿಎಫ್[ಡಿಎಫ್.ಇಂಡೆಕ್ಸ್.ಡುಪ್ಲಿಕೇಟೆಡ್(ಕೀಪ್=ಫಾಲ್ಸ್)]

ಎಂದರೆ ಒಂದಕ್ಕಿಂತ ಹೆಚ್ಚು ಸಲ ಬಂದ ಲೇಬಲ್‌ಗಳ ಎಲ್ಲ ಸಾಲುಗಳೂ ಕಣ್ಣೆದುರು ಬರುತ್ತವೆ. ಕೀಪ್ ಹೇಳದಿದ್ದರೆ ಮೊದಲನೆಯದನ್ನು ಅಸಲು ಎಂದು ಬಿಟ್ಟು ಉಳಿದವುಗಳನ್ನು ಮಾತ್ರ ಗುರುತಿಸುತ್ತದೆ, ಆಗ ಹೋಲಿಸಿ ನೋಡಲು ಜೊತೆ ಇರುವುದಿಲ್ಲ. ಒಂದೇ ಹಳ್ಳಿಯ ದಾಖಲೆ ಎರಡು ಸಲ ಬಂದಿದೆ ಎಂದು ನೋಡಿ ಖಚಿತವಾದ ಮೇಲೆ, ಡಿಎಫ್[~ಡಿಎಫ್.ಇಂಡೆಕ್ಸ್.ಡುಪ್ಲಿಕೇಟೆಡ್(ಕೀಪ್='ಲಾಸ್ಟ್')] ಎಂದು ಕೊನೆಯದನ್ನು ಉಳಿಸಿಕೊಳ್ಳಬಹುದು.

ನಿಮ್ಮ ಫೈಲಿನಲ್ಲಿ ಹಾಗಾಗಿರಲಾರದು ಎಂದು ನನ್ನ ಅನುಮಾನ. ಹೊಸಹಳ್ಳಿ, ಹೊಸೂರು ಎಂಬ ಹೆಸರಿನ ಊರುಗಳು ನಮ್ಮಲ್ಲಿ ತಾಲ್ಲೂಕು ತಾಲ್ಲೂಕಿಗೂ ಸಿಗುತ್ತವೆ. ಹೆಸರು ಒಂದೇ ಆದ ಮಾತ್ರಕ್ಕೆ ಸಾಲು ನಕಲಿಯಲ್ಲ. ತಪ್ಪಾದದ್ದು ಹಳ್ಳಿಯ ಹೆಸರೊಂದನ್ನೇ ಇಂಡೆಕ್ಸ್ ಮಾಡಿದ್ದು. 2011ರ ಜನಗಣತಿ ಪ್ರತಿ ಹಳ್ಳಿಗೂ 6 ಅಂಕಿಗಳ ಸಂಖ್ಯೆಯನ್ನು ಕೊಟ್ಟಿದೆ. ಅದನ್ನು ಇಂಡೆಕ್ಸ್ ಮಾಡಿ, ಹೆಸರನ್ನು ಕಾಲಂ ಆಗಿ ಇಟ್ಟುಕೊಳ್ಳಿ. ಸೆಟ್_ಇಂಡೆಕ್ಸ್‌ನಲ್ಲಿ ವೆರಿಫೈ_ಇಂಟೆಗ್ರಿಟಿ=ಟ್ರೂ ಎಂದು ಬರೆದರೆ ಲೇಬಲ್ ಎರಡು ಸಲ ಬಂದ ಕೂಡಲೇ ಅಲ್ಲೇ ದೋಷ ಬಂದು ನಿಲ್ಲುತ್ತದೆ, ಮುಂದೆಲ್ಲೋ ರೀಇಂಡೆಕ್ಸ್ ಮಾಡುವಾಗ ಅಲ್ಲ.

ಪಾಂಡಾಸ್ ಮೊದಲೇ ಏಕೆ ತಡೆಯುವುದಿಲ್ಲ ಎಂಬ ಪ್ರಶ್ನೆ ಏಳಬಹುದು. ಆರ್ ಭಾಷೆಯ ಡೇಟಾಫ್ರೇಮ್‌ನಲ್ಲಿ ಸಾಲಿನ ಹೆಸರು ಎರಡು ಸಲ ಬರುವಂತಿಲ್ಲ. 2008ರಲ್ಲಿ ವೆಸ್ ಮೆಕಿನ್ನಿಯವರು ಆರಂಭಿಸಿದ ಪಾಂಡಾಸ್‌ನಲ್ಲಿ ಆ ನಿರ್ಬಂಧವಿಲ್ಲ. ಹೊರಗಿನಿಂದ ಬರುವ ಮಾಹಿತಿ ಅಚ್ಚುಕಟ್ಟಾಗಿರುವುದಿಲ್ಲ, ಅದನ್ನು ಒಳಗೆ ತಂದುಕೊಂಡ ಮೇಲೆಯೇ ಶುದ್ಧ ಮಾಡಬೇಕು ಎಂಬುದು ಅದರ ಹಿಂದಿನ ಆಲೋಚನೆ. ಆ ಸ್ವಾತಂತ್ರ್ಯಕ್ಕೆ ನಾವು ಕೊಡುವ ಬೆಲೆಯೂ ಇದೆ. ಡಿಎಫ್.ಲೋಕ್['ಹೊಸಹಳ್ಳಿ'] ಎಂದಾಗ ಆ ಹೆಸರಿನ ಸಾಲು ಒಂದೇ ಇದ್ದರೆ ಸೀರೀಸ್ (ಮೌಲ್ಯಗಳ ಒಂದು ಸರಣಿ) ಬರುತ್ತದೆ, ಎರಡಿದ್ದರೆ ಡೇಟಾಫ್ರೇಮ್ (ಪೂರ್ಣ ಕೋಷ್ಟಕ) ಬರುತ್ತದೆ, ಆದ್ದರಿಂದ ಒಂದು ತಾಲ್ಲೂಕಿಗೆ ಸರಿಯಾಗಿ ನಡೆದ ಕೋಡ್ ಮುಂದಿನ ತಾಲ್ಲೂಕಿನಲ್ಲಿ ಮುರಿದು ಬೀಳುತ್ತದೆ. ಎರಡು ಕೋಷ್ಟಕಗಳನ್ನು ಮರ್ಜ್ ಮಾಡುವಾಗ ಒಂದರಲ್ಲಿ 2, ಇನ್ನೊಂದರಲ್ಲಿ 3 ಹೊಸಹಳ್ಳಿಗಳಿದ್ದರೆ ಫಲಿತಾಂಶದಲ್ಲಿ 6 ಸಾಲುಗಳಾಗಿ ಜನಸಂಖ್ಯೆಯ ಮೊತ್ತವೇ ಉಬ್ಬಿಹೋಗುತ್ತದೆ. ಮರ್ಜ್‌ಗೆ ವ್ಯಾಲಿಡೇಟ್='ಒನ್_ಟು_ಒನ್' ಎಂದು ಹೇಳಿಬಿಟ್ಟರೆ ಇದಕ್ಕೆ ಅವಕಾಶವಿರುವುದಿಲ್ಲ.

ಪ್ರಶ್ನೆ: ದಿನಾಂಕ ಮತ್ತು ಗಂಟೆಯೇ ಇಂಡೆಕ್ಸ್ ಆಗಿರುವ ಮಳೆಮಾಪಕದ ದಾಖಲೆಯಲ್ಲಿ ಯಾವ ಯಾವ ವರ್ಷಗಳಿವೆ, ಎಷ್ಟು ದಿನಗಳ ದಾಖಲೆ ಇದೆ ಎಂದು ತಿಳಿಯುವುದು ಹೇಗೆ?
— ಕಾಫಿ ಬೆಳೆಗಾರ, ಸಕಲೇಶಪುರ

ಉತ್ತರ: ವರ್ಷಗಳಿಗೆ ಡಿಎಫ್.ಇಂಡೆಕ್ಸ್.ಇಯರ್.ಯುನೀಕ್() ಎಂದು ಬರೆಯಿರಿ. ದಿನಗಳಿಗೆ ಡಿಎಫ್.ಇಂಡೆಕ್ಸ್.ನಾರ್ಮಲೈಜ್().ಎನ್‌ಯುನೀಕ್() ಎಂದು ಕೇಳಿ. ಇಲ್ಲಿ ನಾರ್ಮಲೈಜ್ ಎಂಬುದು ಗಂಟೆ, ನಿಮಿಷಗಳನ್ನು ಕಳೆದು ಎಲ್ಲವನ್ನೂ ಆ ದಿನದ ನಡುರಾತ್ರಿ ಸೊನ್ನೆ ಗಂಟೆಗೆ ತರುತ್ತದೆ, ಮೇಲೆ ಹೇಳಿದ ಯುನಿಕೋಡ್‌ನ ನಾರ್ಮಲೈಜ್‌ಗೂ ಇದಕ್ಕೂ ಸಂಬಂಧವಿಲ್ಲ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗಿನ ಮುಂಗಾರಿನ ಅವಧಿಗೆ 122 ದಿನಗಳು. ಆ ಅವಧಿಯನ್ನಷ್ಟೇ ತೆಗೆದುಕೊಂಡು ವರ್ಷ ವರ್ಷಕ್ಕೂ ದಿನಗಳನ್ನು ಎಣಿಸಿ, 122ಕ್ಕಿಂತ ಕಡಿಮೆ ಬಂದ ವರ್ಷದಲ್ಲಿ ಮಾಪಕ ಎಷ್ಟು ದಿನ ಕೆಟ್ಟಿತ್ತು ಎಂಬುದು ಗೊತ್ತಾಗುತ್ತದೆ. ಈ ಎರಡೂ ಆಜ್ಞೆಗಳು ನಡೆಯಬೇಕಾದರೆ ಇಂಡೆಕ್ಸ್ ದಿನಾಂಕದ ರೂಪದಲ್ಲಿರಬೇಕು. ಅದು ಬರಿಯ ಪಠ್ಯವಾಗಿದ್ದರೆ ಮೊದಲು ಪಿಡಿ.ಟು_ಡೇಟ್‌ಟೈಮ್ ಬಳಸಿ ಪರಿವರ್ತಿಸಿ, ಮತ್ತು ನಮ್ಮಲ್ಲಿ ದಿನಾಂಕದಲ್ಲಿ ದಿನವನ್ನು ಮೊದಲು ಬರೆಯುವ ರೂಢಿ ಇರುವುದರಿಂದ ಡೇಫಸ್ಟ್=ಟ್ರೂ ಎಂದು ತಪ್ಪದೆ ಸೇರಿಸಿ; ಇಲ್ಲವಾದರೆ 5-6-2023 ಎಂಬ ಜೂನ್ 5ರ ಮಳೆ ಮೇ 6ರ ಲೆಕ್ಕಕ್ಕೆ ಹೋಗುತ್ತದೆ.